ನೀಲಿ ಚುಕ್ಕೆ ನಿಂತ ಸೋಮವಾರ

ಈಗ ಹತ್ತು ಗಂಟೆ ಏಳು ನಿಮಿಷ. ನನ್ನ ಫೋನು ಸ್ಟಾಫ್ ರೂಮಿನ ಟೇಬಲ್ಲಿನ ಎಡಗಡೆ ಡ್ರಾವರಿನಲ್ಲಿ ಬೋರಲು ಮಲಗಿದೆ. ಅದರ ಪಕ್ಕದಲ್ಲಿ ಹತ್ತನೇ ತರಗತಿಯ ಹುಡುಗಿಯರಿಂದ ನಾನೇ ಕಸಿದುಕೊಂಡ ಎರಡು ಫೋನುಗಳಿವೆ. ಡ್ರಾವರಿಗೆ ಕೀಲಿ ಇಲ್ಲ, ಕೈ ಚಾಚಿದರೆ ಸಿಗುತ್ತದೆ. ಹನ್ನೊಂದೂಕಾಲಿನ ತನಕ ಕೈ ಚಾಚಕೂಡದು ಎಂಬುದು ಒಪ್ಪಂದ. ಅಲ್ಲಿಯ ತನಕ ಈ ಕೈಗಳಿಗೆ ಏನಾದರೂ ಕೆಲಸ ಕೊಡಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬೇರೆ ಘನ ಉದ್ದೇಶವೇನೂ ಇದರಲ್ಲಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಒಪ್ಪಂದ ಆಗಿರುವುದು ನನಗೂ ನಮ್ಮಪ್ಪನಿಗೂ. ಅಪ್ಪನಿಗೆ ಈಗ ಎಪ್ಪತ್ತೆರಡು. ಸೈನ್ಯದಲ್ಲಿ ವೈರ್‌ಲೆಸ್ ಹವಾಲ್ದಾರ್ ಆಗಿದ್ದವನು. ನನಗೆ ನಾಲ್ಕು ವರ್ಷವಿದ್ದಾಗ ಗಡಿಯಲ್ಲೆಲ್ಲೋ ನೆಲಬಾಂಬು ಸಿಡಿದು ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಊರಿಗೆ ಬಂದ ಮೇಲೆ ಬಾದಾಮಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿತು, ಅಲ್ಲೇ ನಿವೃತ್ತಿಯಾದ. ಅವ್ವ ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ಅಪ್ಪ ನಮ್ಮ ಮನೆಯಲ್ಲಿದ್ದಾನೆ, ಅಥವಾ ನಾನೂ ನನ್ನ ಗಂಡನೂ ಅಪ್ಪನ ಮನೆಯಲ್ಲಿದ್ದೇವೆ. ಎರಡರಲ್ಲಿ ಯಾವುದು ಖರೆ ಎನ್ನುವುದು ಆ ದಿನ ಯಾರು ಸಿಟ್ಟಿನಲ್ಲಿದ್ದಾರೆ ಎಂಬುದರ ಮೇಲೆ ಇರುತ್ತದೆ.

ನನ್ನ ಹೆಸರು ಶಾಂತಾ. ನಗಬೇಡಿ, ಹೆಸರಿಟ್ಟವಳು ನಮ್ಮ ಆಯಿ, ಅಪ್ಪನ ತಾಯಿ. ತೊಟ್ಟಿಲಲ್ಲಿದ್ದಾಗ ಅಳಲಿಲ್ಲವಂತೆ, ಅದನ್ನೇ ನಂಬಿ ಮೋಸಹೋದಳು. ಕುಂತಲ್ಲಿ ಕೂರುವುದು ನನ್ನ ಜಾತಕದಲ್ಲೇ ಇಲ್ಲ. ರೊಟ್ಟಿ ಬಡಿಯುತ್ತಲೇ ಬಾಗಿಲ ಕಡೆ ನೋಡುತ್ತೇನೆ, ಬಾಗಿಲಲ್ಲಿ ನಿಂತರೆ ಒಲೆಯ ಕಡೆ. ಇವಳು ಕೂತದ್ದನ್ನು ಮದುವೆಯ ಫೋಟೋದಲ್ಲಿ ಮಾತ್ರ ನೋಡಿದ್ದೇನೆ ಎಂದು ನಮ್ಮ ಮನೆಯವರು ಬಂದ ಬೀಗರಿಗೆಲ್ಲ ಹೇಳುತ್ತಾರೆ.

ಸಣ್ಣವಳಿದ್ದಾಗ ಹೀಗಿರಲಿಲ್ಲ. ಆಗ ಅಪ್ಪ ಎಲ್ಲಿದ್ದಾನೆ ಎಂದು ಹುಡುಕಬೇಕಾಗಿಯೇ ಇರಲಿಲ್ಲ, ಕಿವಿಗೆ ಬೀಳುತ್ತಿದ್ದ. ಅಪ್ಪನ ಮೊದಲನೇ ಕಾಲು ಕಟ್ಟಿಗೆ, ಚರ್ಮ, ಕಬ್ಬಿಣ ಎಲ್ಲ ಸೇರಿದ ದೊಡ್ಡ ಸಂಸಾರ. ಪುಣೆಯಿಂದ ಮಾಡಿಸಿಕೊಂಡು ಬಂದದ್ದು. ಒಂದೊಂದು ಹೆಜ್ಜೆಗೂ ಕಿರ್ರ್ ಎನ್ನುತ್ತಿತ್ತು. ಮಳೆಗಾಲದಲ್ಲಿ ಚರ್ಮದ ಪಟ್ಟಿ ಹಸಿಯಾದರೆ ಕಿರ್ರ್ ಹೋಗಿ ಗೊರ್ರ್ ಆಗುತ್ತಿತ್ತು. ನಾಲ್ಕನೇ ಮನೆಯ ಹತ್ತಿರ ಆ ಸಪ್ಪಳ ಕೇಳಿದೊಡನೆ ಅವ್ವ ಚಹಾಕ್ಕೆ ಇಡುತ್ತಿದ್ದಳು, ನಾನು ಗೆಳತಿಯರನ್ನು ಬಿಟ್ಟು ಪುಸ್ತಕ ಹಿಡಿಯುತ್ತಿದ್ದೆ. ಆಮೇಲೆ ಕಾಲುಗಳು ಬದಲಾದವು. ಮೂರು ವರ್ಷದ ಹಿಂದೆ ಬಾಗಲಕೋಟೆಯಲ್ಲಿ ಅಳತೆ ಕೊಟ್ಟು ಬಂದ ಈಗಿನ ಕಾಲು ಹತ್ತಿಯಂತೆ ಹಗುರ, ಬೆಕ್ಕಿನಂತೆ ಸಪ್ಪಳವಿಲ್ಲದ್ದು. ನಾನು ಕದ್ದು ಫೋನು ನೋಡುತ್ತಿದ್ದರೆ ಅಪ್ಪ ಬೆನ್ನ ಹಿಂದೆಯೇ ನಿಂತಿರುತ್ತಾನೆ. ಅಂಥ ಹೊತ್ತಿನಲ್ಲಿ ನನಗೆ ಆ ಹಳೆಯ ಕಿರ್ರ್ ಬಹಳ ನೆನಪಾಗುತ್ತದೆ.

ಆ ಹಳೆಯ ಕಾಲಿನಿಂದ ನಾನು ವ್ಯಾಪಾರವನ್ನೂ ಮಾಡಿದ್ದೇನೆ. ಮಧ್ಯಾಹ್ನ ಅಪ್ಪ ಕಾಲು ಬಿಚ್ಚಿ ಗೋಡೆಗೆ ಆನಿಸಿ ಮಲಗುತ್ತಿದ್ದ. ಸಾಲಿಯ ಹುಡುಗಿಯರಿಗೆ ಅದನ್ನು ಕಿಟಕಿಯಿಂದ ತೋರಿಸುವುದು, ಒಂದು ನೋಟಕ್ಕೆ ಒಂದು ಮುಷ್ಟಿ ಬಾರಿಹಣ್ಣು. ಮುಟ್ಟಬೇಕೆಂದರೆ ಎರಡು ಮುಷ್ಟಿ. ಒಂದು ದಿನ ಅಪ್ಪ ಕಣ್ಣು ಮುಚ್ಚಿಕೊಂಡೇ, ನಿನ್ನ ಗಿರಾಕಿಗಳಿಗೆ ಒಳಗೆ ಬರಲು ಹೇಳು ಎಂದ. ನಾನು ಸತ್ತೇಹೋದೆ. ಅವರನ್ನು ಸಾಲಾಗಿ ನಿಲ್ಲಿಸಿ, ಪಟ್ಟಿ ಹೇಗೆ ಬಿಗಿಯುವುದು, ಕೀಲಿಗೆ ಎಣ್ಣೆ ಎಲ್ಲಿ ಬಿಡುವುದು ಎಲ್ಲ ಪಾಠ ಮಾಡಿ ಕಳಿಸಿದ. ಮರುದಿನದಿಂದ ಯಾರೂ ಬರಲಿಲ್ಲ. ಗುಟ್ಟು ಹೋದ ಮೇಲೆ ಬಾರಿಹಣ್ಣು ಕೊಟ್ಟು ನೋಡುವವರು ಯಾರು?

ಹತ್ತು ಇಪ್ಪತ್ತೊಂದು. ಡ್ರಾವರು ಹಾಗೇ ಮುಚ್ಚಿದೆ. ನಾನು ಅದರ ಹಿಡಿಕೆಯನ್ನು ಒಂದು ಸಲ ಮುಟ್ಟಿ ನೋಡಿದ್ದು ನಿಜ, ಆದರೆ ತೆರೆಯಲಿಲ್ಲ.

ಅವ್ವ ಹೋದ ಮೇಲೆ ಅಪ್ಪ ಒಂದು ವರ್ಷ ಪಡಸಾಲೆಯ ಕುರ್ಚಿಯಲ್ಲಿ ಕೂತ. ನನ್ನ ಹಾಗಲ್ಲ, ಅವನು ಕೂತರೆ ಕೂತ. ಕ್ಷೌರಕ್ಕೆ ಹೋಗಬೇಕೆಂದರೆ ನಮ್ಮ ಮನೆಯವರು ಬರುವ ತನಕ ಕಾಯಬೇಕು, ಹುಟ್ಟೂರು ಗುಡೂರಿಗೆ ಹೋಗಿ ತನ್ನ ತಮ್ಮನನ್ನು ಮಾತಾಡಿಸಬೇಕೆಂದರೆ ನನ್ನ ರಜೆ ಬರಬೇಕು. ಯಾರಾದರೂ ಬಿಡ್ತೀರೇನ್ರಪಾ ಎಂದು ಕೇಳುವಾಗ ಅವನ ದನಿ ನನ್ನ ವಿದ್ಯಾರ್ಥಿನಿಯರು ನೀರು ಕುಡಿಯಲು ಅಪ್ಪಣೆ ಕೇಳುವ ದನಿಯಂತೆ ಆಗುತ್ತಿತ್ತು. ನನಗೆ ಅದನ್ನು ಕೇಳಲಾಗುತ್ತಿರಲಿಲ್ಲ. ಕೊನೆಗೆ ಒಂದು ಗೇರಿಲ್ಲದ ಸ್ಕೂಟರು ತಂದು ಮಹಬೂಬಸಾಬನ ಗ್ಯಾರೇಜಿಗೆ ಹಾಕಿದೆವು. ಮಹಬೂಬಸಾಬ ಅಪ್ಪನ ಹಳೆಯ ದೋಸ್ತ, ಎತ್ತಿನ ಗಾಡಿಯಿಂದ ಟ್ರ್ಯಾಕ್ಟರಿನ ತನಕ ಗಾಲಿ ಇರುವುದೆಲ್ಲ ಅವನಿಗೆ ಗೊತ್ತು. "ಕಂಪನಿಯವರು ಎರಡು ಗಾಲಿ ಕೊಟ್ಟಾರ್ರಿ ಹವಾಲ್ದಾರ್ ಸಾಹೇಬ್ರ, ಉಳದ ಎರಡು ನಾ ಕೊಡ್ತೇನಿ" ಎಂದ. ಹಿಂದೆ ಅತ್ತಿತ್ತ ಎರಡು ಗಾಲಿ ಬಂದವು, ಊರುಗೋಲು ಸಿಗಿಸಲು ಕೊಂಡಿ ಬಂತು. ಮೊದಲ ದಿನ ಅಪ್ಪ ಅಗಸ್ತ್ಯತೀರ್ಥದ ತನಕ ಹೋಗಿ ಬಂದು, ಹೆಲ್ಮೆಟ್ಟು ತೆಗೆಯದೆ ಒಳಗೆ ಬಂದು ಊಟಕ್ಕೆ ಕುಳಿತ.

ಆಮೇಲೆ ನನ್ನ ತಲೆಗೆ ಬಂದದ್ದು ಈ ಫೋನಿನ ಉಪಾಯ. ಅಪ್ಪನ ಫೋನು ಎಲ್ಲಿರುತ್ತದೋ ಆ ಜಾಗ ನನ್ನ ಫೋನಿನ ನಕಾಶೆಯಲ್ಲಿ ನೀಲಿ ಚುಕ್ಕೆಯಾಗಿ ಕಾಣುವಂತೆ ಮಾಡಿಕೊಂಡೆ. ಅಪ್ಪ ಒಪ್ಪಿದ. ವೈರ್‌ಲೆಸ್ಸಿನವನಿಗೆ ತಾನೆಲ್ಲಿದ್ದೇನೆಂದು ವರದಿ ಕೊಡುವುದು ಹೊಸದೇನಲ್ಲ. ಇನ್ನು ನನಗೆ ಚಿಂತೆಯಿಲ್ಲ ಎಂದುಕೊಂಡೆ. ನನ್ನಷ್ಟು ದಡ್ಡಿ ಈ ತಾಲೂಕಿನಲ್ಲಿ ಮತ್ತೊಬ್ಬಳಿಲ್ಲ. ಚುಕ್ಕೆ ಓಡುತ್ತಿದ್ದರೆ ಯಾಕಿಷ್ಟು ಜೋರು ಓಡುತ್ತಿದೆ ಎಂದು ಕಳವಳ, ನಿಂತರೆ ಯಾಕೆ ನಿಂತಿತು ಎಂದು ಕಳವಳ. ಹಾಜರಿ ಪುಸ್ತಕದ ನಡುವೆ ಫೋನು ಇಟ್ಟುಕೊಂಡು, ಚಾಲುಕ್ಯರ ಪಾಠ ಮಾಡುತ್ತ ಪುಲಿಕೇಶಿ ನರ್ಮದೆಯ ದಂಡೆಗೆ ಬರುವಷ್ಟರಲ್ಲಿ ಅಪ್ಪ ಎಲ್ಲಿಗೆ ಬಂದ ಎಂದು ನೋಡುತ್ತಿದ್ದೆ. ಅದೇ ತಾಸಿನಲ್ಲಿ ಹುಡುಗಿಯರ ಫೋನು ಕಸಿದುಕೊಂಡು ಏಕಾಗ್ರತೆಯ ಬಗ್ಗೆ ಭಾಷಣವನ್ನೂ ಮಾಡಿದ್ದೇನೆ. ಚುಕ್ಕೆ ಹತ್ತು ನಿಮಿಷ ನಿಂತರೆ ಫೋನು ಹಚ್ಚುವುದು, ಎಲ್ಲಿದ್ದಿ ಅಪ್ಪಾ ಎನ್ನುವುದು. ಎಲ್ಲಿದ್ದಾನೆಂದು ನಕಾಶೆಯಲ್ಲಿ ಕಾಣುತ್ತಿರುವಾಗಲೇ ಎಲ್ಲಿದ್ದಿ ಎಂದು ಕೇಳುವುದು.

ಹೋದ ವರ್ಷ ಚೊಳಚಗುಡ್ಡದ ಹತ್ತಿರ ತಿರುವಿನಲ್ಲಿ ಕುರಿಹಿಂಡು ಅಡ್ಡ ಬಂದು ಗಾಡಿ ಪಕ್ಕಕ್ಕೆ ಹೊರಳಿತು. ಮೊಣಕೈ ತರಚಿತ್ತು, ಅಷ್ಟೇ. ಕುರುಬರೇ ಎತ್ತಿ ಕೂರಿಸಿ ಮಜ್ಜಿಗೆ ಕೊಟ್ಟಿದ್ದರು. ಕುರುಬರ ದೇವರು ಬೀರಪ್ಪನ ಒಕ್ಕಲಿನವನನ್ನು ಬೀರಪ್ಪನ ಕುರಿಗಳೇ ಕೆಡವಿದವಲ್ಲ ಎಂದು ಅಪ್ಪ ನಗುತ್ತಿದ್ದ. ನನಗೆ ನಗು ಬರಲಿಲ್ಲ. ಮೊಣಕೈಗೆ ಔಷಧ ಹಚ್ಚುತ್ತ ನಾನು ಒಂದು ಮಾತು ಹೇಳಿದೆ. "ಇನ್ನೊಂದು ಸಲ ಹಿಂಗ ನನ್ನ ಜೀವಾ ತಗದ್ರ, ಗಾಡಿ ಚಾವಿ ನನ್ನ ಕೈಯಾಗ. ಆಮ್ಯಾಲೆ ಕೇಳಬ್ಯಾಡ." ಅಪ್ಪ ಮೊಣಕೈಯನ್ನೇ ನೋಡುತ್ತ, "ಮಂಜೂರ" ಎಂದ. ಅಪ್ಪ ಮಂಜೂರ ಎಂದರೆ ಅದು ಸರಕಾರಿ ಆದೇಶಕ್ಕಿಂತ ಗಟ್ಟಿ.

ಅದಾಗಿ ಕೆಲವು ತಿಂಗಳಿಗೆ ಚುಕ್ಕೆಗೆ ಸೋಮವಾರದ ಭಕ್ತಿ ಹುಟ್ಟಿತು. ಸೋಮವಾರ ಬೆಳಗಾದರೆ ಮಹಾಕೂಟಕ್ಕೆ ಹೋಗುವುದು, ಅಲ್ಲಿ ಒಂದು ತಾಸು ನಿಲ್ಲುವುದು, ಮರಳಿ ಬರುವುದು. ವಯಸ್ಸಾಯಿತು, ಶಿವನ ಕಡೆ ಮನಸ್ಸು ವಾಲಿತು ಎಂದು ನಾನು ಸಮಾಧಾನಪಟ್ಟೆ. ಗುಡಿಯಲ್ಲಿ ಕೂತವನಿಗೆ ಏನಾಗುತ್ತದೆ? ಸೋಮವಾರ ಸಂಜೆ ತಂತಿಯ ಮೇಲೆ ಹಸಿ ಟವೆಲ್ಲು, ಮೊಂಡುಗಾಲಿಗೆ ಹಾಕುವ ಬಿಳಿಯ ಕಾಲುಚೀಲ ಎರಡೂ ನೇತಾಡುತ್ತಿದ್ದವು. ನೋಡಿಯೂ ನೋಡಲಿಲ್ಲ. ನಕಾಶೆಯಲ್ಲಿ ಕಣ್ಣಿಟ್ಟವಳಿಗೆ ಅಂಗಳದ ತಂತಿ ಕಾಣುತ್ತದೆಯೇ?

ಹತ್ತು ಮೂವತ್ತೆಂಟು. ಕಿಟಕಿಯ ಹತ್ತಿರ ಎರಡು ಸಲ ಹೋಗಿ ಬಂದೆ. ಈಗ ಆ ಸೋಮವಾರದ ಮಾತು ಹೇಳಿಬಿಡುತ್ತೇನೆ.

ಆ ಸೋಮವಾರ ಚುಕ್ಕೆ ಒಂಬತ್ತೂವರೆಗೆ ಮಹಾಕೂಟದಲ್ಲಿ ನಿಂತಿತು. ಹತ್ತೂವರೆ ಆಯಿತು, ಹೊರಡಲಿಲ್ಲ. ಹನ್ನೊಂದಾಯಿತು. ಫೋನು ಹಚ್ಚಿದೆ, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಆರು ಸಲ, ಎಂಟು ಸಲ. ಹನ್ನೊಂದೂವರೆಯಾಯಿತು. ಮುಖ್ಯೋಪಾಧ್ಯಾಯಿನಿಯವರ ಮುಂದೆ ನಿಂತು ರಜೆ ಚೀಟಿ ಬರೆದೆ. ಕಾರಣ ಎಂಬ ಜಾಗದಲ್ಲಿ ನೀಲಿ ಚುಕ್ಕೆ ನಿಂತಿದೆ ಎಂದು ಬರೆಯಲಾಗುತ್ತದೆಯೇ, ಹೊಟ್ಟೆನೋವು ಎಂದು ಬರೆದೆ. ನನ್ನ ಮುಖ ನೋಡಿ ಅವರು ನಂಬಿದರು. ಸ್ಕೂಟಿ ಹತ್ತಿ ಪಟ್ಟದಕಲ್ಲಿನ ರಸ್ತೆ ಹಿಡಿದೆ.

ದಾರಿಯುದ್ದಕ್ಕೂ ನನಗೆ ಯಾಕೋ ಆಯಿಯ ನೆನಪು. ಅವಳು ಮೂರು ಮೂರು ತಿಂಗಳು ಮಗನ ಸುದ್ದಿಯಿಲ್ಲದೆ ಗುಡೂರಿನಲ್ಲಿ ಹೊಲದ ಕೆಲಸ ಮಾಡಿಕೊಂಡಿದ್ದವಳು. ಅವನೆಲ್ಲಿದ್ದಾನೆಂದು ಕೇಳಿದರೆ ಬಡಗಣ ದಿಕ್ಕಿಗೆ ಕೈ ತೋರಿಸುತ್ತಿದ್ದಳಂತೆ, ಅವಳ ನಕಾಶೆ ಅಷ್ಟೇ. ಪತ್ರ ಬಂದರೆ ಓದಲು ಆಯಿಗೂ ಬರುತ್ತಿರಲಿಲ್ಲ, ಅವ್ವನಿಗೂ ಬರುತ್ತಿರಲಿಲ್ಲ. ಸಾಲಿಯ ಮಾಸ್ತರರೇ ಓದಬೇಕು. ಒಂದು ಪತ್ರದಲ್ಲಿ ಅಪ್ಪ ನನಗಾಗಿ ಎರಡು ಸಾಲು ಬರೆದಿದ್ದ. ರಜೆಗೆ ಬಂದಾಗ ಶಾಂತವ್ವನ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ನಮ್ಮ ಬಾವಿಯಲ್ಲಿ ಈಜು ಕಲಿಸುತ್ತೇನೆ ಎಂದು. ಊರಲ್ಲಿ ಅಪ್ಪನಂಥ ಈಜುಗಾರ ಇರಲಿಲ್ಲವಂತೆ. ಆಯಿ ಆ ಮಾತು ಕೇಳಿದ್ದೇ ಒಂದು ದೊಡ್ಡ ಬುರುಡೆ ಹುಡುಕಿ ಜಂತಿಗೆ ಕಟ್ಟಿಟ್ಟಳು.

ಅದರ ಮುಂದಿನ ಪತ್ರ ಬಂದಾಗ ಎಳೆಜೋಳ ಸುಟ್ಟು ತಿನ್ನುವ ಸೀತನಿಯ ಕಾಲ. ಮಾಸ್ತರರು ಹುನಗುಂದಕ್ಕೆ ತರಬೇತಿಗೆ ಹೋಗಿದ್ದರು. ಆಯಿ ಪತ್ರವನ್ನು ಜೋಳದ ಚೀಲದೊಳಗೆ ಇಟ್ಟು, ಮಗನ ಕಾಗದ ಬಂದಿದೆಯೆಂದು ಓಣಿಗೆಲ್ಲ ಸೀತನಿ, ಬೆಲ್ಲ ಹಂಚಿದಳು. ಎರಡು ದಿನ ಹಾಡು ಹೇಳುತ್ತ ಕಸ ಬಳಿದಳಂತೆ. ಮೂರನೇ ದಿನ ಮಾಸ್ತರರು ಬಂದು ಪತ್ರ ಒಡೆದು, ಒಂದು ಸಾಲು ಓದಿ ಕನ್ನಡಕ ತೆಗೆದರು. ಕಾಲು ಹೋದ ಸುದ್ದಿ ಅದರಲ್ಲಿತ್ತು. ನಾನು ದೊಡ್ಡವಳಾದ ಮೇಲೆ ಒಂದು ಸಲ ಆಯಿಯನ್ನು ಕೇಳಿದ್ದೆ, ಆ ಎರಡು ದಿನ ಸುಳ್ಳೇ ಬೆಲ್ಲ ಹಂಚಿದೆನಲ್ಲ ಎಂದು ಕೆಟ್ಟದೆನಿಸಲಿಲ್ಲವೇ ಎಂದು. ಆಯಿ ತಲೆ ಅಲ್ಲಾಡಿಸಿ, "ಆ ಎರಡು ದಿನಾ ನನ್ನ ಮಗಗ ಎರಡೂ ಕಾಲು ಇದ್ದೂ" ಎಂದಿದ್ದಳು. ನನಗೆ ಆಗ ಅದು ಮುದುಕಿಯ ಮಾತು ಎನಿಸಿ ಬಿಟ್ಟುಬಿಟ್ಟಿದ್ದೆ.

ಮಹಾಕೂಟದ ಹೊರಗೆ ಆಲದ ಮರದ ನೆರಳಲ್ಲಿ ಅಪ್ಪನ ಗಾಡಿ ನಿಂತಿತ್ತು, ಚಾವಿ ಅದರಲ್ಲೇ ಇತ್ತು. ನಾಲ್ಕು ಗಾಲಿಯ ಸ್ಕೂಟರನ್ನು ಯಾವ ಕಳ್ಳ ಒಯ್ಯುತ್ತಾನೆ ಎನ್ನುವುದು ಅಪ್ಪನ ಲೆಕ್ಕ. ಚಾವಿ ಕಿತ್ತು ಮುಷ್ಟಿಯಲ್ಲಿ ಹಿಡಿದು ಒಳಗೆ ಓಡಿದೆ. ಗುಡಿಯಲ್ಲಿಲ್ಲ. ಪೌಳಿಯಲ್ಲಿಲ್ಲ. ಓಡುತ್ತಲೇ ಮತ್ತೆ ಫೋನು ಹಚ್ಚಿದೆ. ಈ ಸಲ ರಿಂಗಾಗುವುದು ಕಿವಿಗೆ ಕೇಳಿಸಿತು, ಹೊಂಡದ ಕಡೆಯಿಂದ.

ನಿಮಗೆ ಗೊತ್ತಿದೆಯಲ್ಲ, ಗುಡಿಯ ನಡುವೆ ಬುಗ್ಗೆಯ ನೀರಿನ ಹೊಂಡ. ಸುತ್ತಲೂ ಕಲ್ಲಿನ ಮೆಟ್ಟಿಲು. ಆವತ್ತು ಯಾವುದೋ ಊರಿನ ಬಸ್ಸಿನವರು, ಹೆಂಗಸರೇ ಹೆಚ್ಚು, ಮೆಟ್ಟಿಲ ಮೇಲೆಲ್ಲ ಕೂತು ಸ್ನಾನ, ಸೀರೆ ಒಣಗಿಸುವುದು, ಬುತ್ತಿ ಬಿಚ್ಚುವುದು ನಡೆಸಿದ್ದರು. ಅವರ ಪಕ್ಕದಲ್ಲಿ, ನೀರಿಗೆ ಎರಡು ಮೆಟ್ಟಿಲು ಮೇಲೆ, ಬೂಟು ಹಾಕಿಕೊಂಡು ನೆಟ್ಟಗೆ ನಿಂತಿತ್ತು ಅಪ್ಪನ ಕಾಲು. ಕಾಲು ಮಾತ್ರ. ಅದರೊಳಗಿಂದ ಫೋನು ರಿಂಗಾಗುತ್ತಿತ್ತು.

 ಅಪ್ಪ ಹೋದ ಎಂದೇ ತಿಳಿದೆ. ನೀರು ನೋಡಿದೆ, ಹಸಿರು ನೀರು, ತಳ ಕಾಣಲಿಲ್ಲ.  ಆಗ ಹೊಂಡದ ಆ ಕಡೆಯ ಮೂಲೆಯಿಂದ, ಕಲ್ಲಿನ ಅಂಚಿಗೆ ತೋಳು ಹಾಕಿ ಜೋತುಬಿದ್ದಿದ್ದ ಒಂದು ಬಿಳಿತಲೆ ಕೈ ಎತ್ತಿತು.

ಕುತ್ತಿಗೆಯ ತನಕ ನೀರಲ್ಲಿದ್ದ ಅಪ್ಪ ಮೊದಲು ಕಾಲಿನ ಕಡೆ ಬೆರಳು ತೋರಿಸಿದ, ಆಮೇಲೆ ತನ್ನ ಕಡೆ. ಅರ್ಥವಾಯಿತು. ಕಾಲನ್ನು ಎತ್ತಿಕೊಂಡೆ. ಬಿಸಿಲಿಗೆ ಬೆಚ್ಚಗಾಗಿತ್ತು. ಮೊಂಡುಗಾಲು ಕೂರುವ ಬಟ್ಟಲಿನಂಥ ಜಾಗದಲ್ಲಿ ಫೋನು, ಕನ್ನಡಕ ಎರಡನ್ನೂ ಇಟ್ಟು, ಮೇಲೆ ಕಾಲುಚೀಲ ತುರುಕಿದ್ದ. ಮಂಗಗಳ ಕಾಟಕ್ಕೆ ಅವನು ಕಂಡುಕೊಂಡ ಉಪಾಯ. ಬಾದಾಮಿ ಸೀಮೆಯ ಮಂಗಗಳು ಕಿಸೆಯಿಂದ ಕನ್ನಡಕ ಎಳೆಯುತ್ತವೆ, ಕಾಲಿಗೆ ಮಾತ್ರ ಕೈ ಹಚ್ಚುವುದಿಲ್ಲವಂತೆ. ಅದನ್ನು ಕೂಸಿನ ಹಾಗೆ ಎದೆಗೆ ಆನಿಸಿಕೊಂಡು ಅಷ್ಟು ಹೆಂಗಸರ ನಡುವೆ ದಾಟಿಕೊಂಡು ಹೋದೆ. ಒಬ್ಬ ಹಿರಿಯಾಕೆ ಬುತ್ತಿ ಬಿಟ್ಟು, ಯಾರದಿದು ಎಂದು ಕೇಳಿದಳು. ನಮ್ಮಪ್ಪಂದು ಎಂದೆ. ಈ ಸಲ ಬಾರಿಹಣ್ಣು ಕೇಳಲಿಲ್ಲ. ಆಕೆ ಸೆರಗು ಸರಿಸಿ ದಾರಿ ಬಿಟ್ಟಳು.

ಹತ್ತಿರ ಹೋದಾಗ ಅಪ್ಪನ ಬೆರಳುಗಳು ನೀರಿನಲ್ಲಿ ನೆನೆದು ಸುಕ್ಕಾಗಿದ್ದವು, ತುಟಿ ನೀಲಿಗಟ್ಟಿತ್ತು. ಎಷ್ಟೊತ್ತಾಯಿತೆಂದು ಕೇಳಿದರೆ ಬಸ್ಸು ಬಂದಾಗಿನಿಂದ ಎಂದ. ಅವನು ಈಜಿ ಈ ಕಡೆ ಬಂದಾಗ ಆ ಕಡೆ ಅವರೆಲ್ಲ ಬಂದು ಕೂತಿದ್ದರು. "ಇಷ್ಟ ಮಂದಿ ಮುಂದ ಕುಂಡಿ ಮ್ಯಾಲೆ ಸರಕೊಂತ ಮೆಟ್ಲಾ ಏರೂದು ನನ್ನ ಕಡಿಂದ ಆಗಲಿಲ್ಲ ಶಾಂತವ್ವಾ" ಎಂದ. ಒಂದೂವರೆ ತಾಸು, ಎಪ್ಪತ್ತೆರಡು ವರ್ಷದ ಮನುಷ್ಯ, ಮರ್ಯಾದೆಗೆ ಅಂಜಿ ಕಲ್ಲು ಹಿಡಿದು ನಿಂತಿದ್ದ. ನನಗೆ ಸಿಟ್ಟು ಬಂತೋ ಅಳು ಬಂತೋ, ಎರಡೂ ಒಟ್ಟಿಗೇ ಬಂದವು.

ಹೊರಗೆ ಬಾ ಎಂದೆ. ಬರುತ್ತೇನೆ, ಬಂದವಳು ಒಂದು ಸಲ ನೋಡಿಬಿಡು ಎಂದ. ಬೇಡ ಎನ್ನುವಷ್ಟರಲ್ಲಿ ಕೈ ಬಿಟ್ಟಿದ್ದ. ಹೊಂಡದ ನಡುವಿನ ತನಕ ಹೋಗಿ ಹೊರಳಿ, ಅಂಗಾತ ಮಲಗಿ ಆಕಾಶ ನೋಡಿ, ಮತ್ತೆ ಹೊರಳಿ ಬಂದ. ನಾನು ಅಪ್ಪನನ್ನು ನಲವತ್ತು ವರ್ಷದಿಂದ ನಡೆಯುವಾಗ ನೋಡಿದ್ದೇನೆ. ಅವನ ಹಿಂದೆ ನಡೆಯುವಾಗ ನನಗೇ ಗೊತ್ತಿಲ್ಲದೆ ನನ್ನ ಎಡಭುಜ ತಗ್ಗುತ್ತದೆ. ನೀರಿನಲ್ಲಿ ಅಪ್ಪ ಕುಂಟುತ್ತಿರಲಿಲ್ಲ.

ಮೈ ಒರೆಸಿಕೊಂಡು, ಕಾಲು ಹಾಕಿಕೊಂಡು ಮೆಟ್ಟಿಲ ಮೇಲೆ ಕುಳಿತವನು ನನ್ನ ಮುಷ್ಟಿ ನೋಡಿದ.

"ಚಾವಿ ನಿನ್ನ ಕೈಯಾಗ ಐತೇನ?"

"ಐತಿ."

"ಇರಲಿ. ಮಂಜೂರ ಅಂದಾಂವ ನಾನ."

ಅಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದಕ್ಕೆ ನನಗೆ ಇನ್ನೂ ಸಿಟ್ಟು ಬಂತು. ಜಗಳವಾಡಿದ್ದರೆ ಚಾವಿ ಇಟ್ಟುಕೊಳ್ಳುವುದು ಹಗುರವಾಗುತ್ತಿತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದು ರೇಗಿದೆ. ಹೇಳಿದ್ದರೆ ಬಿಡುತ್ತಿದ್ದೆಯಾ ಎಂದು ಕೇಳಿದ. ಅದಕ್ಕೆ ಉತ್ತರ ನಮ್ಮಿಬ್ಬರಿಗೂ ಗೊತ್ತಿತ್ತು. ಅಪ್ಪ ಬೂಟಿನ ಲೇಸು ಕಟ್ಟುತ್ತ ಮಾತಾಡಿದ.

"ಹೊಸಾ ಕಾಲು ಚಲೋ ಐತಿ. ಮಹಬೂಬನ ಗಾಡಿ ಚಲೋ ಐತಿ. ನೀ ಕೊಟ್ಟ ಫೋನೂ ಚಲೋನ. ಅವು ಇಲ್ಲಂದ್ರ ನಾ ಇಲ್ಲೀತನಾ ಬರತಿದ್ದಿಲ್ಲ. ಆದ್ರ ಒಂದೊಂದ ಸಲ ಹಾಕ್ಕೊಂಡಾಗೂ, ಹತ್ತಿದಾಗೂ, ನಿನಗ ಕಾಲಿಲ್ಲಾ ಅಂತ ನೆನಪ ಮಾಡಿ ಕೊಡತಾವ. ಈ ನೀರಾಗ ಒಂದು ತಾಸು ಅದು ಮರತ ಹೋಗತೈತಿ."

ಒಂದು ತಾಸು. ನನಗೆ ಜೋಳದ ಚೀಲದಲ್ಲಿದ್ದ ಪತ್ರ ನೆನಪಾಯಿತು. ಆಯಿಗೆ ಎರಡು ದಿನ ಸಿಕ್ಕಿತ್ತು, ಅವಳ ಮಗನಿಗೆ ವಾರಕ್ಕೊಂದು ತಾಸು ಸಿಗುತ್ತಿದೆ. ಅದನ್ನು ಕಸಿದುಕೊಳ್ಳಲು ನಾನು ಬಾದಾಮಿಯಿಂದ ಹೊಟ್ಟೆನೋವು ಮಾಡಿಕೊಂಡು ಬಂದಿದ್ದೇನೆ. ಮುಷ್ಟಿ ಬಿಚ್ಚಿದೆ. ಅಂಗೈಯಲ್ಲಿ ಚಾವಿಯ ಹಲ್ಲುಗಳ ಗುರುತು ಮೂಡಿತ್ತು. ಚಾವಿಯನ್ನು ಅಪ್ಪನ ಅಂಗಿಯ ಕಿಸೆಗೆ ಹಾಕಿ, ಇನ್ನು ಒಂಟಿಯಾಗಿ ಸಿಕ್ಕಿಹಾಕಿಕೊಳ್ಳದ ಹಾಗೆ ಏನಾದರೂ ದಾರಿ ನೋಡು ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. ಆಗಲೇ ಅಪ್ಪನ ಫೋನಿನ ಮೇಲೆ ನನ್ನ ಹೆಸರು ನೋಡಿದ್ದು. ಹತ್ತೊಂಬತ್ತು ಸಲ ಫೋನು ಹಚ್ಚಿದವಳ ಹೆಸರು ಅಲ್ಲಿ ಶಾಂತವ್ವ ಎಂದಿರಲಿಲ್ಲ, ಕಂಟ್ರೋಲ್ ಎಂದಿತ್ತು. ವೈರ್‌ಲೆಸ್ಸಿನಲ್ಲಿ ಎಲ್ಲರೂ ವರದಿ ಕೊಡುವ ದೊಡ್ಡ ಠಾಣೆಗೆ ಹಾಗನ್ನುತ್ತಾರಂತೆ. ಕಂಟ್ರೋಲ್ ಕೂಡ ಹೊತ್ತಿಗೊಮ್ಮೆ ಮಾತ್ರ ಕೇಳುತ್ತದೆ, ನಡುವೆ ಬಾಯಿ ಮುಚ್ಚಿಕೊಂಡಿರುತ್ತದೆ ಎಂದು ಅಪ್ಪ ತಿಳಿಸಿ ಹೇಳಿದ.

ಒಪ್ಪಂದ ಹಾಗೆ ಆಯಿತು. ಸೋಮವಾರ ಹನ್ನೊಂದೂಕಾಲಿಗೆ, ನಮ್ಮ ಸಣ್ಣ ಬಿಡುವಿನ ಹೊತ್ತಿಗೆ, ನೀರಿನಿಂದ ಎದ್ದು ಅವನೇ ವರದಿ ಕೊಡುವುದು. ಅಲ್ಲಿಯ ತನಕ ನಾನು ನಕಾಶೆ ನೋಡಕೂಡದು. ನೀರಿನಲ್ಲಿ ಒಂಟಿಯಾಗಿ ಸಿಕ್ಕಿಹಾಕಿಕೊಳ್ಳುವ ವಿಚಾರವನ್ನು ಮಹಬೂಬಸಾಬ ಬಗೆಹರಿಸಿದ. ಬೋರಿನ ಕೆಲಸದಲ್ಲಿ ಉಳಿದಿದ್ದ ಪ್ಲಾಸ್ಟಿಕ್ ಪೈಪು ಕತ್ತರಿಸಿ, ಎರಡೂ ತುದಿಗೆ ಮುಚ್ಚಳ ಬಡಿದು ಗಾಳಿ ಹೋಗದಂತೆ ಅಂಟು ಹಾಕಿ, ಒಂದು ಊರುಗೋಲು ಮಾಡಿಕೊಟ್ಟ. ಅದು ನೀರಿನಲ್ಲಿ ತೇಲುತ್ತದೆ. ಅಪ್ಪ ಅದಕ್ಕೊಂದು ದಾರ ಕಟ್ಟಿ ಸೊಂಟಕ್ಕೆ ಬಿಗಿದುಕೊಂಡು ಈಜುತ್ತಾನೆ. ಯಾವ ಕಡೆ ಬೇಕಾದರೂ ಅದನ್ನೂರಿ ನೆಟ್ಟಗೆ ಎದ್ದು ಬರಬಹುದು, ಎಷ್ಟು ಬಸ್ಸುಗಳಾದರೂ ಬಂದಿರಲಿ. ದಣಿವಾದರೆ ಅದಕ್ಕೇ ಆತುಕೊಂಡು ತೇಲಬಹುದು. ಇಳಕಲ್ಲಿನಿಂದ ಪೈಪಿನ ಬಣ್ಣ ತರಿಸಿ ಅದಕ್ಕೆ ಕೆಂಪು ಬಳಿದದ್ದು ಮಾತ್ರ ನನ್ನ ಕಾಣಿಕೆ. ಇಷ್ಟಾದ ಮೇಲೆಯೂ ಮೊದಲ ಸೋಮವಾರ ನಾನು ಎರಡು ಸಲ ಡ್ರಾವರು ತೆಗೆದೆ, ಎರಡನೇ ಸೋಮವಾರ ಒಂದು ಸಲ. ಇದು ಮೂರನೆಯದು.

ಹನ್ನೊಂದು ಹದಿನಾಲ್ಕು. ಬಿಡುವಿನ ಗಂಟೆ ಹೊಡೆಯಿತು. ಹನ್ನೊಂದು ಹದಿನೈದು. ಹುಡುಗಿಯರು ನಲ್ಲಿಯ ಹತ್ತಿರ ಗದ್ದಲ ಹಾಕುತ್ತಿದ್ದಾರೆ. ಹದಿನೇಳು. ಬರೆಯುವುದೇನೂ ತೋಚುತ್ತಿಲ್ಲ, ಸುಮ್ಮನೆ ಗಡಿಯಾರ ಬರೆಯುತ್ತಿದ್ದೇನೆ. ಹದಿನೆಂಟು. ನನ್ನ ಕೈ ಡ್ರಾವರಿನ ಹಿಡಿಕೆಯ ಮೇಲಿದೆ. ತೆಗೆದರೆ ಚುಕ್ಕೆ ಕಾಣುತ್ತದೆ. ತೆಗೆಯುವುದಿಲ್ಲ.

ಹತ್ತೊಂಬತ್ತಕ್ಕೆ ಡ್ರಾವರು ನಡುಗಿತು. ಎಳೆದ ರಭಸಕ್ಕೆ ಮೂರೂ ಫೋನು ನೆಲಕ್ಕೆ ಬಿದ್ದವು. ಟೇಬಲ್ಲಿನ ಕೆಳಗೆ ಮೊಣಕಾಲೂರಿ ನನ್ನದನ್ನು ಹುಡುಕಿ ಕಿವಿಗೆ ಹಿಡಿದೆ. "ಕಂಟ್ರೋಲ್, ಸಬ್ ಠೀಕ್" ಎಂದ ಅಪ್ಪ. ಮಂಗ ಅಂಗಿ ಒಯ್ದಿತ್ತು, ಇಸಿದುಕೊಳ್ಳುವಲ್ಲಿ ನಾಲ್ಕು ನಿಮಿಷ ತಡವಾಯಿತು, ತಪ್ಪಾಯಿತು ಎಂದ. ನನ್ನ ನಾಲಿಗೆಯ ತುದಿಗೆ ಎಂದಿನ ಪ್ರಶ್ನೆ ಬಂದಿತ್ತು. ಅದನ್ನು ನುಂಗಿಕೊಂಡೆ.

"ನೀರು ಹೆಂಗಿತ್ತಪಾ?"

 ಇಷ್ಟು ವರ್ಷದಲ್ಲಿ ಅಪ್ಪನನ್ನು ಯಾರೂ ಇದನ್ನು ಕೇಳಿರಲಿಕ್ಕಿಲ್ಲ. ಆ ಕಡೆ ಗುಡಿಯ ಗಂಟೆ ಕೇಳಿಸಿತು, ನೀರು ತಟತಟ ತೊಟ್ಟಿಕ್ಕುವುದೂ ಕೇಳಿಸಿತು.

"ನೀನ ಬಂದು ನೋಡು" ಎಂದ ಕೊನೆಗೆ. "ಮಹಬೂಬನ ತೇಲೂ ಬಡಿಗಿ ಇಬ್ಬರನೂ ತಡಿತೈತಿ. ಬುರುಡಿ ಏನ ಬ್ಯಾಡ. ನಿನಗ ಈಜು ಕಲಸ್ತೇನಂತ ಬರದಿದ್ದೆ, ಅದೊಂದು ಉಳದೈತಿ."

ಆ ಪತ್ರ ನನಗೆ ಮಾತ್ರ ನೆನಪಿದೆ ಎಂದುಕೊಂಡಿದ್ದೆ. ಟೇಬಲ್ಲಿನ ಕೆಳಗೇ ಸ್ವಲ್ಪ ಹೊತ್ತು ಕೂತೆ. ಹೌದು, ಕೂತೆ, ನಮ್ಮ ಮನೆಯವರಿಗೆ ಹೇಳಬೇಕು. ಆಮೇಲೆ ಎದ್ದು ಕಣ್ಣು ಒರೆಸಿಕೊಂಡು, ಮುಂದಿನ ಸೋಮವಾರಕ್ಕೆ ರಜೆ ಚೀಟಿ ತೆಗೆದೆ. ಕಾರಣ ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಹೊಟ್ಟೆನೋವು ಹೋದ ಸಲವೇ ಖರ್ಚಾಗಿದೆ. ತಂದೆಯ ಹತ್ತಿರ ಈಜು ಕಲಿಯಲು ಎಂದು ಬರೆದು, ಕೆಳಗೆ ಸಹಿ ಮಾಡಿದೆ.